ಇಲ್ಲದ ನೆಲದ ಮೇಲೆ ಹೆಜ್ಜೆ



ರಾತ್ರಿ ಕರೆಂಟು ಹೋಗಿದೆ. ನೀವು ಮಹಡಿಯಿಂದ ಮೆಟ್ಟಿಲಿಳಿದು ಬರುತ್ತಿದ್ದೀರಿ. ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತೀರಿ. ಇನ್ನೂ ಒಂದು ಮೆಟ್ಟಿಲಿದೆ ಎಂದುಕೊಂಡು ಕಾಲನ್ನು ಕೆಳಕ್ಕೆ ಬಿಡುತ್ತೀರಿ. ಆದರೆ ಮೆಟ್ಟಿಲು ಮುಗಿದಿದೆ. ನೆಲ ಮೊದಲೇ ಬಂದು ಅಂಗಾಲಿಗೆ ಬಡಿಯುತ್ತದೆ. ಮೊಣಕಾಲಿನಿಂದ ತಲೆಯವರೆಗೆ ಒಂದು ಅದುರು, ಎದೆಯಲ್ಲಿ ಒಂದು ಧಸಕ್ಕು. ಕೆಲವೇ ಅಂಗುಲಗಳ ವ್ಯತ್ಯಾಸಕ್ಕೆ ಇಷ್ಟೊಂದು ಗಾಬರಿ ಏಕೆ?

ಏಕೆಂದರೆ ನಿಮಗೆ ಗೊತ್ತಿಲ್ಲದಂತೆಯೇ ನಿಮ್ಮ ಕಾಲು ಪ್ರತಿ ಹೆಜ್ಜೆಗೂ ನೆಲವನ್ನು ಒಂದು ಪ್ರಶ್ನೆ ಕೇಳುತ್ತಿರುತ್ತದೆ, ನೆಲ ಉತ್ತರ ಹೇಳುತ್ತಿರುತ್ತದೆ. ಉತ್ತರ ಸರಿಯಾಗಿ ಬರುತ್ತಿರುವಷ್ಟು ಹೊತ್ತು ನಾವು ಆ ಮಾತುಕತೆಯನ್ನು ಗಮನಿಸುವುದಿಲ್ಲ. ಒಂದು ಉತ್ತರ ತಪ್ಪಿದರೆ ಸಾಕು, ಇಡೀ ದೇಹ ಎಚ್ಚೆತ್ತುಕೊಳ್ಳುತ್ತದೆ. ಈ ಮಾತುಕತೆಯನ್ನು ಯಂತ್ರಗಳಿಂದ ಕೃತಕವಾಗಿ ನಡೆಸಲು ಸಾಧ್ಯವೇ? ಇಲ್ಲದ ನೆಲವೊಂದನ್ನು ಇದೆ ಎಂದು ಕಾಲಿಗೆ ನಂಬಿಸಬಹುದೇ? ನಂಬಿಸಿದರೆ ಅದರಿಂದ ಯಾರಿಗೆ ಏನು ಪ್ರಯೋಜನ? ಈ ಮೂರು ಪ್ರಶ್ನೆಗಳನ್ನು ಇಂದು ನೋಡೋಣ.

ನಾನು ವಿಜ್ಞಾನ ಓದಿ ದೂರದರ್ಶನಕ್ಕೆ ಬಂದವನು. ಕಣ್ಣಿಗೂ ಕಿವಿಗೂ ಇಲ್ಲದ್ದನ್ನು ಇದೆ ಎಂದು ತೋರಿಸುವುದು ನಮ್ಮ ಕಸುಬಿನ ಒಂದು ಭಾಗ. ಹವಾಮಾನ ವರದಿ ಓದುವವರ ಹಿಂದೆ ಸ್ಟುಡಿಯೋದಲ್ಲಿ ಇರುವುದು ಬರೀ ಹಸಿರು ಪರದೆ. ನಿಮಗೆ ಕಾಣುವುದು ಮೋಡ ಮುಸುಕಿದ ಭಾರತದ ನಕ್ಷೆ. ಹಳೆಯ ಚಲನಚಿತ್ರಗಳಲ್ಲಿ ನಾಯಕ ನಿಂತ ಕಾರಿನಲ್ಲೇ ಕುಳಿತು ಸ್ಟಿಯರಿಂಗ್ ತಿರುಗಿಸುತ್ತಿದ್ದ, ಹಿಂದಿನ ಪರದೆಯ ಮೇಲೆ ಮರಗಳು ಓಡುತ್ತಿದ್ದವು. ಈ ಉಪಾಯಗಳೆಲ್ಲ ನಡೆಯುವುದು ನೋಡುವವರು ಕುರ್ಚಿಯಲ್ಲಿ ಕುಳಿತಿರುವುದರಿಂದ. ಅವರ ಕಾಲನ್ನು ಯಾರೂ ಏನೂ ಕೇಳುವುದಿಲ್ಲ.

ಆದರೆ ನೋಡುವವರನ್ನೇ ಚಿತ್ರದೊಳಗೆ ಕರೆದುಕೊಂಡು ಹೋಗುವ ತಂತ್ರವೊಂದಿದೆ. ಅದನ್ನು ವರ್ಚುಯಲ್ ರಿಯಾಲಿಟಿ ಎನ್ನುತ್ತಾರೆ. ನಾವು ಮಿಥ್ಯಾವಾಸ್ತವ ಎನ್ನೋಣ. ಇದರ ಮೂಲಪುರುಷರಲ್ಲಿ ಒಬ್ಬರು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಐವನ್ ಸದರ್‌ಲ್ಯಾಂಡ್. ಕಂಪ್ಯೂಟರಿನ ಪರದೆ ಕೇವಲ ಕಣ್ಣಿಗೆ ಮಾತ್ರವಲ್ಲ, ಸಾಧ್ಯವಾದಷ್ಟು ಇಂದ್ರಿಯಗಳಿಗೆ ಉಣಿಸಬೇಕು ಎಂಬ ಆಶಯವನ್ನು ಅವರು 1965ರ ಒಂದು ಲೇಖನದಲ್ಲಿ ಮುಂದಿಟ್ಟರು. 1968ರಲ್ಲಿ ತಲೆಗೆ ತೊಡುವ ಪ್ರದರ್ಶಕವೊಂದನ್ನು ಮಾಡಿ ತೋರಿಸಿದರು. ಅದಕ್ಕೆ ಜೋಡಿಸಿದ ಉಪಕರಣವನ್ನು ಚಾವಣಿಯಿಂದ ತೂಗುಹಾಕಬೇಕಾಗಿತ್ತು. ಇಂದು ಅದೇ ತತ್ತ್ವದ ಸಾಧನ ಮುಖಕ್ಕೆ ಕಟ್ಟಿಕೊಳ್ಳುವ ದೊಡ್ಡ ಕನ್ನಡಕದಷ್ಟಾಗಿದೆ. ಎರಡು ಕಣ್ಣಿಗೂ ತುಸು ಬೇರೆಬೇರೆಯಾದ ಚಿತ್ರಗಳನ್ನು ತೋರಿಸುವುದರಿಂದ ಆಳ ಕಾಣುತ್ತದೆ. ನೀವು ತಲೆ ತಿರುಗಿಸಿದರೆ ಸಂವೇದಕಗಳು ಅದನ್ನು ಗುರುತಿಸುತ್ತವೆ, ಕಂಪ್ಯೂಟರು ಆ ದಿಕ್ಕಿನ ನೋಟವನ್ನು ತಕ್ಷಣ ರಚಿಸುತ್ತದೆ. ಕಣ್ಣು ಮೋಸಹೋಯಿತು.

ತೊಂದರೆ ಶುರುವಾಗುವುದು ಆಮೇಲೆ. ಕಣ್ಣ ಮುಂದೆ ವಿಶಾಲವಾದ ಬಯಲು ಕಾಣುತ್ತಿದೆ, ನಡೆಯಬೇಕೆನಿಸುತ್ತದೆ. ನಾಲ್ಕು ಹೆಜ್ಜೆ ಇಟ್ಟರೆ ನಿಜವಾದ ಕೋಣೆಯ ಗೋಡೆ ಮೂಗಿಗೆ ತಾಗುತ್ತದೆ. ಹಾಗಾಗದಂತೆ, ಕೈಯಲ್ಲಿರುವ ಗುಂಡಿ ಒತ್ತಿ ಮುಂದೆ ತೇಲಿಹೋಗುವ ವ್ಯವಸ್ಥೆ ಮಾಡುತ್ತಾರೆ. ಆಗ ಹಲವರಿಗೆ ಹೊಟ್ಟೆ ತೊಳಸುತ್ತದೆ, ತಲೆ ಸುತ್ತುತ್ತದೆ.

ಕಾರಣ ಹುಡುಕುವುದು ಕಷ್ಟವಲ್ಲ. ನೀವು ಕುಳಿತ ರೈಲು ನಿಲ್ದಾಣದಲ್ಲಿ ನಿಂತಿದೆ. ಪಕ್ಕದ ಹಳಿಯ ರೈಲು ಹೊರಡುತ್ತದೆ. ಒಂದು ಕ್ಷಣ ನಿಮ್ಮ ರೈಲೇ ಹಿಂದಕ್ಕೆ ಚಲಿಸಿದಂತೆ ಅನಿಸುವುದಿಲ್ಲವೇ? ಕಣ್ಣು ಚಲನೆ ಇದೆ ಎಂದಿತು. ಆದರೆ ನಿಮ್ಮ ಒಳಗಿವಿಯಲ್ಲಿ ಮೂರು ಅರ್ಧವೃತ್ತಾಕಾರದ ನಾಳಗಳೂ ಸಣ್ಣ ಸುಣ್ಣದ ಹರಳುಗಳಿರುವ ಎರಡು ಚೀಲಗಳೂ ಇವೆ. ತಲೆ ತಿರುಗಿದ್ದನ್ನು ನಾಳಗಳು ತಿಳಿಸುತ್ತವೆ. ವೇಗ ಹೆಚ್ಚಿದ್ದು, ಕಡಿಮೆಯಾದದ್ದು, ತಲೆ ಬಾಗಿದ್ದು ಇವನ್ನು ಹರಳುಗಳು ತಿಳಿಸುತ್ತವೆ. ರೈಲಿನಲ್ಲಿ ಅವು ಏನೂ ಆಗಿಲ್ಲ ಎನ್ನುತ್ತವೆ. ಸಾಕ್ಷಿಗಳ ಹೇಳಿಕೆ ಒಂದಕ್ಕೊಂದು ಹೊಂದದಿದ್ದರೆ ನ್ಯಾಯಾಧೀಶರಿಗೆ ಆಗುವ ಗೊಂದಲವೇ ಮೆದುಳಿಗೂ ಆಗುತ್ತದೆ. ಗೊಂದಲ ಹೆಚ್ಚು ಹೊತ್ತು ಮುಂದುವರಿದರೆ ವಾಕರಿಕೆ ಬರುತ್ತದೆ. ಈ ಮೊಕದ್ದಮೆಯಲ್ಲಿ ಕಣ್ಣು, ಕಿವಿಗಳ ಜೊತೆಗೆ ಮೂರನೆಯ ಮುಖ್ಯ ಸಾಕ್ಷಿ ಕಾಲು. ಅದನ್ನು ನಾವು ಬಹಳ ಕಾಲ ಕಡೆಗಣಿಸಿದೆವು.

ನಡಿಗೆ ಎಂದರೇನು ಎಂದು ಒಮ್ಮೆ ಬಿಡಿಸಿ ನೋಡಿ. ಮೊದಲು ಹಿಮ್ಮಡಿ ನೆಲಕ್ಕೆ ತಾಗುತ್ತದೆ. ಬಳಿಕ ಭಾರ ಅಂಗಾಲಿನ ಹೊರ ಅಂಚಿನ ಕಡೆಯಿಂದ ಮುಂಭಾಗಕ್ಕೆ ಸರಿಯುತ್ತದೆ. ಕೊನೆಗೆ ಹೆಬ್ಬೆರಳು ನೆಲವನ್ನು ಹಿಂದಕ್ಕೆ ಒತ್ತುತ್ತದೆ. ನ್ಯೂಟನ್ನನ ಮೂರನೆಯ ನಿಯಮದಂತೆ ನೆಲ ನಮ್ಮನ್ನು ಮುಂದಕ್ಕೆ ಒತ್ತುತ್ತದೆ. ಘರ್ಷಣೆ ಇಲ್ಲದಿದ್ದರೆ ಇದು ಸಾಧ್ಯವಿಲ್ಲ; ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿದವರಿಗೆ ಇದನ್ನು ವಿವರಿಸಬೇಕಿಲ್ಲ. ಸಾಮಾನ್ಯ ನಡಿಗೆಯಲ್ಲಿ ನೆಲ ಕಾಲನ್ನು ಮೇಲಕ್ಕೆ ಒತ್ತುವ ಬಲ ಕೆಲವು ಕ್ಷಣ ನಮ್ಮ ತೂಕಕ್ಕಿಂತಲೂ ತುಸು ಹೆಚ್ಚೇ ಇರುತ್ತದೆ.

ಇಷ್ಟೆಲ್ಲವನ್ನೂ ಅಂಗಾಲು ಬರೆದುಕೊಳ್ಳುತ್ತದೆ. ಅಂಗಾಲಿನ ದಪ್ಪ ಚರ್ಮದ ಅಡಿಯಲ್ಲಿ ಒತ್ತಡ ಮತ್ತು ಕಂಪನಗಳನ್ನು ಗ್ರಹಿಸುವ ನಾಲ್ಕು ಬಗೆಯ ನರಗ್ರಾಹಕಗಳಿವೆ. ಒಂದು ಬಗೆಯವು ಒತ್ತಡ ಇರುವಷ್ಟು ಹೊತ್ತೂ ಸುದ್ದಿ ಕಳಿಸುತ್ತಲೇ ಇರುತ್ತವೆ. ಇನ್ನೊಂದು ಬಗೆಯವು ಚರ್ಮ ಎಳೆದದ್ದನ್ನು ಹೇಳುತ್ತವೆ. ಉಳಿದ ಎರಡು ಬದಲಾವಣೆಯನ್ನು ಮಾತ್ರ ಹೇಳುತ್ತವೆ; ಅವುಗಳಲ್ಲಿ ಪಾಸಿನಿ ಎಂಬ ವಿಜ್ಞಾನಿಯ ಹೆಸರಿನ ಗ್ರಾಹಕಗಳು ಸೆಕೆಂಡಿಗೆ 200ರಿಂದ 300 ಸಲ ಕಂಪಿಸುವ ಅತಿ ಸೂಕ್ಷ್ಮ ಅದುರನ್ನೂ ಹಿಡಿಯುತ್ತವೆ. ಕೆನಡಾದ ಕೆನೆಡಿ ಮತ್ತು ಇಂಗ್ಲಿಸ್ ಎಂಬ ಸಂಶೋಧಕರು ಸ್ವಯಂಸೇವಕರ ಕಾಲಿನ ನರದಲ್ಲಿ ಸೂಕ್ಷ್ಮ ಸೂಜಿಯಂಥ ವಿದ್ಯುದಗ್ರವನ್ನಿಟ್ಟು, ಅಂಗಾಲಿನ ಇಂಥ 104 ಗ್ರಾಹಕಗಳ ವರ್ತನೆಯನ್ನು ಒಂದೊಂದಾಗಿ ದಾಖಲಿಸಿ 2002ರಲ್ಲಿ ಪ್ರಕಟಿಸಿದರು. ಇವುಗಳಿಗೆ ಸ್ನಾಯು ಮತ್ತು ಕೀಲುಗಳಿಂದ ಬರುವ ಸಂದೇಶಗಳೂ ಸೇರುತ್ತವೆ. ಮೆದುಳು ಮತ್ತು ಬೆನ್ನುಹುರಿಗಳು ಈ ಸುದ್ದಿಯನ್ನು ಆಧರಿಸಿ ಮುಂದಿನ ಹೆಜ್ಜೆಯನ್ನು ತಿದ್ದುತ್ತವೆ. ಹೀಗೆ ಫಲಿತಾಂಶವೇ ಹಿಂದಿರುಗಿ ಬಂದು ಕೆಲಸವನ್ನು ತಿದ್ದುವುದಕ್ಕೆ ಹಿಮ್ಮಾಹಿತಿ ಎನ್ನುತ್ತಾರೆ.

ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಗೋಡೆಯ ಹತ್ತಿರ, ಪಕ್ಕದಲ್ಲಿ ಗೆಳೆಯನನ್ನೋ ಗೆಳತಿಯನ್ನೋ ನಿಲ್ಲಿಸಿಕೊಂಡು, ಬರಿಗಾಲಿನಲ್ಲಿ ಗಟ್ಟಿ ನೆಲದ ಮೇಲೆ ಎರಡೂ ಪಾದ ಜೋಡಿಸಿ ಕಣ್ಣು ಮುಚ್ಚಿ ಅರ್ಧ ನಿಮಿಷ ನಿಲ್ಲಿ. ಸ್ವಲ್ಪ ಓಲಾಡುತ್ತೀರಿ, ಅಷ್ಟೆ. ಈಗ ದಪ್ಪ ಹತ್ತಿಯ ಹಾಸಿಗೆಯ ಮೇಲೆ ಅದನ್ನೇ ಮಾಡಿ. ಓಲಾಟ ಎಷ್ಟು ಹೆಚ್ಚಿತು ನೋಡಿ. ಕಣ್ಣು ಎರಡು ಸಲವೂ ಮುಚ್ಚಿತ್ತು, ಒಳಗಿವಿ ಎರಡು ಸಲವೂ ಇತ್ತು. ಬದಲಾದದ್ದು ನೆಲ ಅಂಗಾಲಿಗೆ ಕೊಡುತ್ತಿದ್ದ ಉತ್ತರ ಮಾತ್ರ. ಹಾಸಿಗೆ ಆ ಉತ್ತರವನ್ನು ಮಸುಕು ಮಾಡಿತು.

ಇನ್ನು ಯಂತ್ರಗಳಿಗೆ ಬರೋಣ. ವಿಜ್ಞಾನಿಗಳು ಮೂರು ದಾರಿ ಹಿಡಿದರು. ಮೊದಲನೆಯದು, ನಡೆಯುವವರ ಕಾಲಡಿಯಲ್ಲಿ ನೆಲವನ್ನೇ ಓಡಿಸುವುದು.

ಅಮೆರಿಕದ ನಾರ್ತ್ ಕೆರೊಲಿನ ವಿಶ್ವವಿದ್ಯಾಲಯದಲ್ಲಿ ಫ್ರೆಡರಿಕ್ ಬ್ರೂಕ್ಸ್ ಮತ್ತು ಅವರ ವಿದ್ಯಾರ್ಥಿಗಳು 1980ರ ದಶಕದಲ್ಲಿ ಒಂದು ಟ್ರೆಡ್‌ಮಿಲ್ಲಿಗೆ ಸೈಕಲ್ಲಿನ ಹ್ಯಾಂಡಲ್ ಜೋಡಿಸಿದರು. ಪಟ್ಟಿಯ ಮೇಲೆ ನಡೆಯುತ್ತ, ಹ್ಯಾಂಡಲ್ ತಿರುಗಿಸುತ್ತ, ಇನ್ನೂ ಕಟ್ಟಿ ಮುಗಿಯದ ತಮ್ಮ ವಿಭಾಗದ ಕಟ್ಟಡದೊಳಗೆ ಅವರು ಅಡ್ಡಾಡಿದರು. ಮೊಗಸಾಲೆಯ ಒಂದು ಗೋಡೆ ದಾರಿಯನ್ನು ಇಕ್ಕಟ್ಟು ಮಾಡುತ್ತದೆ ಎಂಬುದು ಹೀಗೆ ನಡೆದಾಗ ಮನವರಿಕೆಯಾಗಿ, ಅದನ್ನು ಸರಿಸಲಾಯಿತು. ನಕ್ಷೆಯಲ್ಲಿ ಕಣ್ಣಿಗೆ ಸರಿಯೆನಿಸಿದ್ದು ನಡಿಗೆಗೆ ಸರಿಬರಲಿಲ್ಲ.

ಆದರೆ ಸಾಮಾನ್ಯ ಟ್ರೆಡ್‌ಮಿಲ್ ಒಂದೇ ದಿಕ್ಕಿಗೆ ಓಡುತ್ತದೆ. ನಾವು ಹಾಗಲ್ಲ, ತಿರುಗುತ್ತೇವೆ, ಹಿಂದೆ ಸರಿಯುತ್ತೇವೆ. ಎಲ್ಲ ದಿಕ್ಕಿಗೂ ಓಡುವ ಟ್ರೆಡ್‌ಮಿಲ್ಲಿನ ವಿವರ 1997ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಜಪಾನಿನ ತ್ಸುಕುಬಾ ವಿಶ್ವವಿದ್ಯಾಲಯದ ಹಿರೋ ಇವಾಟ 1999ರಲ್ಲಿ 12 ಟ್ರೆಡ್‌ಮಿಲ್‌ಗಳನ್ನು ಅಕ್ಕಪಕ್ಕ ಜೋಡಿಸಿ, ಆ ಇಡೀ ಸಾಲೇ ಅಡ್ಡಲಾಗಿ ಸುತ್ತುವಂತೆ ಮಾಡಿದರು. ಪ್ರತಿಯೊಂದು ಪಟ್ಟಿ ಒಂದು ದಿಕ್ಕಿಗೆ, ಸಾಲು ಇನ್ನೊಂದು ದಿಕ್ಕಿಗೆ. ಎರಡೂ ಸೇರಿದರೆ ಯಾವ ದಿಕ್ಕೂ ಸಾಧ್ಯ. ಗಣಿತದಲ್ಲಿ ನೀವು ಕಲಿಯುವ ಎಕ್ಸ್ ಮತ್ತು ವೈ ಅಕ್ಷಗಳೇ ಇಲ್ಲಿ ರಬ್ಬರಿನ ಪಟ್ಟಿಗಳಾಗಿವೆ. ಮನರಂಜನೆಗೆ ಹೆಸರಾದ ಡಿಸ್ನಿ ಸಂಸ್ಥೆ 2024ರ ಜನವರಿಯಲ್ಲಿ ತೋರಿಸಿದ ನೆಲವೂ ಇದೇ ವಂಶದ್ದು. ಲ್ಯಾನಿ ಸ್ಮೂಟ್ ಎಂಬ ಸಂಶೋಧಕರು ರೂಪಿಸಿದ ಆ ನೆಲದ ತುಂಬ ಸಣ್ಣಸಣ್ಣ ಗುಂಡು ಬಿಲ್ಲೆಗಳಿದ್ದು, ಅವು ತಿರುಗುತ್ತ ಮೇಲೆ ನಿಂತವರನ್ನು ಬೇಕಾದ ಕಡೆಗೆ ಸಾಗಿಸುತ್ತವೆ.

ಇಂಥ ಯಂತ್ರಗಳ ತೊಡಕು ಜಡತ್ವ. ನೀವು ತಟ್ಟನೆ ನಿಂತರೆ ಭಾರವಾದ ಪಟ್ಟಿಯೂ ತಟ್ಟನೆ ನಿಲ್ಲಬೇಕು. ಅದು ತಡವಾದರೆ ನೀವು ಮುಗ್ಗರಿಸುತ್ತೀರಿ. ಆದ್ದರಿಂದ ಕೆಲವರು ಯಂತ್ರವನ್ನೇ ಬಿಟ್ಟು, ಅಗಲವಾದ ಬಾಣಲೆಯಂಥ ನುಣುಪಾದ ವೇದಿಕೆ ಮಾಡಿದರು. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಜಾರುವ ಅಟ್ಟೆಯ ಬೂಟು ತೊಟ್ಟು ನಡೆದರೆ, ಮುಂದಿಟ್ಟ ಕಾಲು ತಾನಾಗಿಯೇ ಜಾರಿ ನಡುವಿಗೆ ಮರಳುತ್ತದೆ. ಅಮೆರಿಕದ ವರ್ಚುಯಿಕ್ಸ್ ಎಂಬ ಕಂಪನಿ 2013ರಲ್ಲಿ ಇಂಥದೊಂದನ್ನು ಮಾಡುತ್ತೇವೆ ಎಂದಾಗ ಜನರಿಂದಲೇ 11 ಲಕ್ಷ ಡಾಲರಿಗಿಂತ ಹೆಚ್ಚು ಹಣ ಕೂಡಿತು. ಇದು ಅಗ್ಗ, ಹಗುರ. ಆದರೆ ನಡೆಯುವುದಕ್ಕೂ ಜಾರುವುದಕ್ಕೂ ವ್ಯತ್ಯಾಸವಿದೆ, ಅದು ಕಾಲಿಗೆ ಗೊತ್ತಾಗುತ್ತದೆ.

ಇಷ್ಟೆಲ್ಲ ಕಷ್ಟಪಡಬೇಕೆ, ಗುಂಡಿ ಒತ್ತಿ ತೇಲಿದರೆ ಸಾಲದೇ ಎಂದು ನೀವು ಕೇಳಬಹುದು. ಈ ಪ್ರಶ್ನೆಯನ್ನು ಪ್ರಯೋಗದಿಂದಲೇ ಪರೀಕ್ಷಿಸಲಾಗಿದೆ. ಲಂಡನ್ನಿನಲ್ಲಿ ಮೆಲ್ ಸ್ಲೇಟರ್ ಮತ್ತು ಸಂಗಡಿಗರು 1995ರಲ್ಲಿ, ಗುಂಡಿ ಒತ್ತಿ ತೇಲುವುದನ್ನೂ ನಿಂತಲ್ಲೇ ಕಾಲೆತ್ತಿ ಇಡುತ್ತ ಸಾಗುವುದನ್ನೂ ಹೋಲಿಸಿದ ಪ್ರಯೋಗವನ್ನು ಪ್ರಕಟಿಸಿದರು. 1999ರಲ್ಲಿ ಬ್ರೂಕ್ಸ್ ಅವರ ತಂಡದೊಡನೆ ಸೇರಿ ನಿಜವಾಗಿ ನಡೆಯುವುದನ್ನೂ ಸೇರಿಸಿಕೊಂಡರು. ನಾನು ಆ ಜಾಗದಲ್ಲಿಯೇ ಇದ್ದೇನೆ ಎಂಬ ಭಾವನೆ ಬರಬೇಕಾದರೆ ಕಾಲಾಡಿಸದೆ ತೇಲುವುದಕ್ಕಿಂತ ಕಾಲಾಡಿಸುವುದು ಮೇಲು ಎಂಬುದು ಇವುಗಳಿಂದ ತಿಳಿಯಿತು. ಸಲೀಸಾಗಿ ಸಾಗುವ ಮಾತು ಬಂದಾಗ ನಿಜವಾದ ನಡಿಗೆಯೇ ಎಲ್ಲಕ್ಕಿಂತ ಮುಂದಿತ್ತು.

ಅದೇ ನಾರ್ತ್ ಕೆರೊಲಿನದಲ್ಲಿ ನಡೆದ, 2002ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ನನಗೆ ಬಹಳ ಇಷ್ಟ. ಕನ್ನಡಕದೊಳಗೆ ಒಂದು ಕೋಣೆ; ಅದರ ನಡುವೆ ಸುಮಾರು 20 ಅಡಿ ಆಳದ ಹೊಂಡ; ಹೊಂಡದ ಸುತ್ತ ಸಣ್ಣ ಅಂಚು. ನಿಜದಲ್ಲಿ ಹೊಂಡವೇ ಇಲ್ಲ, ಸಮತಟ್ಟಾದ ನೆಲ. ಆದರೂ ಅಂಚಿನಲ್ಲಿ ನಿಂತವರ ಎದೆಬಡಿತ ಏರಿತು. ಆಮೇಲೆ ಅಂಚು ಇರಬೇಕಾದ ಜಾಗದಲ್ಲಿ ನಿಜವಾಗಿಯೂ 1.5 ಅಂಗುಲ ಎತ್ತರದ ಮರದ ಹಲಗೆಯನ್ನಿಟ್ಟರು. ಹಲಗೆಯ ಏಣು ಪಾದಕ್ಕೆ ತಾಗಿದಾಗ ಎದೆಬಡಿತ ಇನ್ನೂ ಹೆಚ್ಚಾಯಿತು. ಒಂದೂವರೆ ಅಂಗುಲದ ಹಲಗೆ 20 ಅಡಿಯ ಹೊಂಡಕ್ಕೆ ಸಾಕ್ಷಿ ನುಡಿಯಿತು! ಹಾಗಾದರೆ ಇಡೀ ಜಗತ್ತನ್ನು ಕಟ್ಟಬೇಕಾಗಿಲ್ಲ, ಕಾಲಿಗೆ ತಕ್ಕ ಸುಳಿವು ಸಿಕ್ಕಿದರೆ ಉಳಿದದ್ದನ್ನು ಮೆದುಳೇ ತುಂಬಿಕೊಳ್ಳುತ್ತದೆ.

ಎರಡನೆಯ ದಾರಿ ಹುಟ್ಟಿದ್ದು ಈ ತಿಳಿವಳಿಕೆಯ ಹಿನ್ನೆಲೆಯಲ್ಲಿ: ನೆಲವನ್ನೇ ಪಾದಕ್ಕೆ ತೊಡಿಸುವುದು. ಇವಾಟ ಅವರ ತಂಡ 2006ರಲ್ಲಿ ಮೋಟಾರಿನ ಬೂಟುಗಳನ್ನು ತೋರಿಸಿತು. ಮೋಟಾರುಗಳು ಬೆನ್ನಿನ ಚೀಲದಲ್ಲಿ, ಚಕ್ರಗಳು ಬೂಟಿನ ಅಡಿಯಲ್ಲಿ. ನೀವು ಮುಂದೆ ಹೆಜ್ಜೆಯಿಟ್ಟಷ್ಟೂ ಚಕ್ರಗಳು ನಿಮ್ಮನ್ನು ಹಿಂದಕ್ಕೆ ತಂದು ಇದ್ದಲ್ಲೇ ಇರಿಸುತ್ತವೆ. ಜರ್ಮನಿಯ ಪಾಟ್ಸ್‌ಡಾಮ್‌ನ ಹಾಸೋ ಪ್ಲಾಟ್ನರ್ ಸಂಸ್ಥೆಯವರು 2015ರಲ್ಲಿ ಮಾಡಿದ್ದನ್ನು ನಮ್ಮ ಹಳ್ಳಿಯವರು ನೋಡಿದರೆ ಮರಗಾಲು ಎಂದಾರು. ಅದು ಮೋಟಾರಿನ ಮರಗಾಲು. ಚಿತ್ರದೊಳಗಿನ ಮೆಟ್ಟಿಲ ಮೇಲೆ ಕಾಲಿಟ್ಟಾಗ ಆ ಕಾಲಿನ ಅಡಿಯ ಮರಗಾಲು ಎತ್ತರವಾಗುತ್ತದೆ, ಕಾಲಿಗೆ ಮೆಟ್ಟಿಲು ಸಿಕ್ಕಂತಾಗುತ್ತದೆ. ನಾವು ಆರಂಭದಲ್ಲಿ ಕತ್ತಲಲ್ಲಿ ತಪ್ಪಿದ ಮೆಟ್ಟಿಲನ್ನು ಇದು ಬೇಕೆಂದಾಗ ಒದಗಿಸುತ್ತದೆ.

ಎತ್ತರ ಆಯಿತು, ನೆಲದ ಗುಣ? ಮರಳು, ಹುಲ್ಲು, ಜಲ್ಲಿ, ಹಿಮ, ಕೆಸರು ಇವನ್ನು ಬೂಟಿನೊಳಗೆ ತರುವುದು ಹೇಗೆ? ಕಂಪನದ ಮೂಲಕ. ಅಟ್ಟೆಯಲ್ಲಿ ಪುಟ್ಟ ಕಂಪಕಗಳನ್ನು ಹುದುಗಿಸುತ್ತಾರೆ. ಇವುಗಳಲ್ಲಿ ಕೆಲವು ನಿಮ್ಮ ರೇಡಿಯೋದ ಧ್ವನಿವರ್ಧಕದ ಹಾಗೆಯೇ ಸುರುಳಿ ಮತ್ತು ಅಯಸ್ಕಾಂತದಿಂದ ಕೆಲಸ ಮಾಡುತ್ತವೆ. ಒತ್ತಡದ ಸಂವೇದಕ ಹಿಮ್ಮಡಿ ತಾಗಿದ್ದನ್ನು ಹೇಳಿದ ಕೂಡಲೇ ಕಂಪಕಗಳು ಆ ನೆಲಕ್ಕೆ ತಕ್ಕ ಅದುರನ್ನು ಹೊರಡಿಸುತ್ತವೆ. ಹಿಮದ ಮೇಲೆ ಕಾಲಿಟ್ಟಾಗ ಏನಾಗುತ್ತದೆ ಯೋಚಿಸಿ: ಸಾವಿರಾರು ಸಣ್ಣ ಹರಳುಗಳು ಒಂದರ ಹಿಂದೊಂದು ಮುರಿಯುತ್ತವೆ. ಒಣಗಿದ ತರಗೆಲೆಯ ಮೇಲೆ ನಡೆದಾಗಲೂ ಹಾಗೆಯೇ. ಆ ಚೂರುಚೂರು ಮುರಿತಗಳ ಲಯವನ್ನು ಕಂಪಕ ಅನುಕರಿಸುತ್ತದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಯಾನ್ ವಿಸೆಲ್ ಮತ್ತು ಸಂಗಡಿಗರು ನಡೆಯುವ ತಟ್ಟೆಯನ್ನು ಹೀಗೆ ಕಂಪಿಸಿ ಪರೀಕ್ಷಿಸಿದರು. ಕಾಲಿಗೆ ಕಂಪನ ಸೇರಿದಾಗ ನೆಲ ಇನ್ನಷ್ಟು ಮೆತ್ತಗೆ ಬಗ್ಗಿದಂತೆ ಜನರಿಗೆ ಅನಿಸುತ್ತದೆ ಎಂದು 2011ರಲ್ಲಿ ವರದಿ ಮಾಡಿದರು. ಜಪಾನಿನ ಸೆರೆವೊ ಕಂಪನಿ ಇಂಥ ಕಂಪಕಗಳುಳ್ಳ ಪಾದರಕ್ಷೆಯನ್ನು 2017ರಲ್ಲಿ ಪ್ರದರ್ಶಿಸಿತು.

ಕೊರಿಯಾದ ಸಂಶೋಧಕರು 2018ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರ ಪಾದರಕ್ಷೆಯ ಅಟ್ಟೆಯಲ್ಲಿ ಕಬ್ಬಿಣದ ಅತಿ ಸಣ್ಣ ಕಣಗಳು ತೇಲುವ ಎಣ್ಣೆಯಂಥ ದ್ರವವಿದೆ. ಪಕ್ಕದ ಸುರುಳಿಯಲ್ಲಿ ವಿದ್ಯುತ್ ಹರಿಸಿದರೆ ಕಾಂತಕ್ಷೇತ್ರ ಉಂಟಾಗುತ್ತದೆ. ಕಣಗಳು ಸರಪಳಿಯಂತೆ ಸಾಲುಗಟ್ಟುತ್ತವೆ, ದ್ರವ ಗಟ್ಟಿಯಾಗುತ್ತದೆ. ವಿದ್ಯುತ್ ನಿಲ್ಲಿಸಿದರೆ ಮತ್ತೆ ನೀರಾಗುತ್ತದೆ. ಹೀಗೆ ಒಂದೇ ಅಟ್ಟೆ ಒಮ್ಮೆ ಬಂಡೆ, ಒಮ್ಮೆ ಮರಳು, ಒಮ್ಮೆ ಕೆಸರು. ಶಾಲೆಯಲ್ಲಿ ಕಾಗದದ ಮೇಲೆ ಕಬ್ಬಿಣದ ಪುಡಿ ಉದುರಿಸಿ ಕೆಳಗೆ ಅಯಸ್ಕಾಂತ ಹಿಡಿದ ಪ್ರಯೋಗವೇ ಇಲ್ಲಿ ಬೂಟಿನೊಳಗೆ ಸೇರಿದೆ.

ಮೂರನೆಯ ದಾರಿಯಲ್ಲಿ ಯಂತ್ರವೇ ಇಲ್ಲ, ಬರೀ ಲೆಕ್ಕ. ನೀವು ನೇರವಾಗಿ ನಡೆಯುತ್ತಿದ್ದೀರಿ ಎಂದು ಕನ್ನಡಕ ತೋರಿಸುತ್ತದೆ, ಆದರೆ ಚಿತ್ರವನ್ನು ತುಸುತುಸುವೇ ತಿರುಗಿಸುತ್ತ ಹೋಗುತ್ತದೆ. ಅದನ್ನು ಸರಿದೂಗಿಸಲು ನೀವು ಅರಿವಿಲ್ಲದೆ ವಕ್ರವಾಗಿ ನಡೆಯುತ್ತೀರಿ. ಈ ಉಪಾಯ 2001ರಲ್ಲಿ ನಾರ್ತ್ ಕೆರೊಲಿನದಿಂದಲೇ ಬಂತು. ಜರ್ಮನಿಯ ಫ್ರಾಂಕ್ ಸ್ಟೈನಿಕೆ ಮತ್ತು ಸಂಗಡಿಗರು 2010ರಲ್ಲಿ ಇದರ ಮಿತಿಯನ್ನು ಅಳೆದರು. ಕನಿಷ್ಠ 22 ಮೀಟರ್ ತ್ರಿಜ್ಯದ ವೃತ್ತವಾದರೆ ಜನ ತಾವು ನೇರವಾಗಿಯೇ ಹೋಗುತ್ತಿದ್ದೇವೆ ಎಂದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ. ಒಂದು ಸುತ್ತು ಸುಮಾರು 138 ಮೀಟರ್. ಅಷ್ಟು ನೇರ ನಡೆದೆನೆಂದು ನೀವು ತಿಳಿದುಕೊಂಡಿರುತ್ತೀರಿ, ಹೊರಟಲ್ಲಿಗೇ ಬಂದಿರುತ್ತೀರಿ. ಆದರೆ ವೃತ್ತದ ವ್ಯಾಸ 44 ಮೀಟರ್. ಪುರುಷರ ಕಬಡ್ಡಿ ಅಂಕಣದ ಉದ್ದ 13 ಮೀಟರ್ ಎಂದ ಮೇಲೆ, ಇದಕ್ಕೆ ಬೇಕಾದ ಕೋಣೆ ಎಷ್ಟು ದೊಡ್ಡದೆಂದು ಊಹಿಸಿ. ಆದ್ದರಿಂದಲೇ ಬೂಟಿನ ದಾರಿಯನ್ನು ವಿಜ್ಞಾನಿಗಳು ಬಿಟ್ಟಿಲ್ಲ.

ಇಲ್ಲಿಯವರೆಗೆ ಹೇಳಿದ್ದನ್ನು ಕೇಳಿ, ಇದೆಲ್ಲ ಉಳ್ಳವರ ಆಟಿಕೆ ಎಂದು ನಿಮಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. ನನಗೂ ಹಾಗೆಯೇ ಅನಿಸಿತ್ತು. ಬ್ರೆಜಿಲ್ಲಿನಿಂದ 2016ರಲ್ಲಿ ಬಂದ ಎರಡು ವರದಿಗಳನ್ನು ಓದಿದ ಮೇಲೆ ಅಭಿಪ್ರಾಯ ಬದಲಾಯಿತು.

ಬೆನ್ನುಹುರಿಗೆ ಪೆಟ್ಟಾಗಿ ಮೂರರಿಂದ ಹದಿಮೂರು ವರ್ಷ ಕಳೆದಿದ್ದ 8 ಜನ. ಬಹುತೇಕರಿಗೆ ಸೊಂಟದ ಕೆಳಗೆ ಚಲನೆಯೂ ಇಲ್ಲ, ಸ್ಪರ್ಶವೂ ಇಲ್ಲ. ಮಿಗೆಲ್ ನಿಕೊಲೆಲಿಸ್ ಎಂಬ ನರವಿಜ್ಞಾನಿಯ ಮುಂದಾಳತ್ವದ ತಂಡ ಇವರಿಗೆ ಮಿಥ್ಯಾವಾಸ್ತವದ ಕನ್ನಡಕ ತೊಡಿಸಿತು. ಕೆಳಗೆ ನೋಡಿದರೆ ನಡೆಯುವ ಒಂದು ಜೊತೆ ಕಾಲುಗಳು ಕಾಣುತ್ತವೆ. ಆದರೆ ಅಂಗಾಲಿನ ಸುದ್ದಿ ಮೆದುಳಿಗೆ ತಲುಪುವ ದಾರಿಯೇ ಕಡಿದಿದೆಯಲ್ಲ? ಅದಕ್ಕೆ ತಂಡ ಮಾಡಿದ ಉಪಾಯ ನೋಡಿ: ಅಂಗಿಯ ತೋಳಿನಲ್ಲಿ, ಪ್ರತಿ ಮುಂಗೈಯ ಮೇಲೆ ಮೂರು ಕಂಪಕಗಳನ್ನಿಟ್ಟರು. ಚಿತ್ರದ ಕಾಲು ನೆಲ ಮುಟ್ಟಿದಾಗ ಆ ಕಂಪಕಗಳು ಹಿಮ್ಮಡಿಯಿಂದ ಬೆರಳಿನ ಕಡೆಗೆ ಭಾರ ಸರಿಯುವ ಕ್ರಮದಲ್ಲೇ ಒಂದಾದ ಮೇಲೊಂದು ಅದುರಿದವು. ಕಂಪನದ ಬಗೆಯನ್ನು ಬದಲಿಸಿದಾಗ ಅವರು ಮರಳು, ಹುಲ್ಲು, ಕಲ್ಲುಹಾಸಿನ ಬೀದಿ ಎಂಬ ಮೂರು ನೆಲಗಳನ್ನು ಬೇರೆಬೇರೆಯಾಗಿ ಅನುಭವಿಸಿದರು. ಮುಂಗೈ ಅಂಗಾಲಿನ ಕೆಲಸ ಮಾಡಿತು.

ಇದೇ 8 ಜನ, ಮೆದುಳಿನ ವಿದ್ಯುತ್ ಸಂಕೇತಗಳಿಂದ ನಡೆಯುವ ಯಂತ್ರಗಳೊಡನೆ, ಈ ಬಗೆಯ ಹಿಮ್ಮಾಹಿತಿಯೊಡನೆ, ಮಾಮೂಲು ವ್ಯಾಯಾಮ ಚಿಕಿತ್ಸೆಯನ್ನೂ ಸೇರಿಸಿಕೊಂಡು 12 ತಿಂಗಳು ಅಭ್ಯಾಸ ಮಾಡಿದರು. ಕೊನೆಗೆ ಪೆಟ್ಟಾದ ಜಾಗದ ಕೆಳಗೆ ಎಲ್ಲರಿಗೂ ಸ್ವಲ್ಪಮಟ್ಟಿನ ಸಂವೇದನೆ ಮರಳಿತು, ಕೆಲವು ಸ್ನಾಯುಗಳ ಮೇಲೆ ಹತೋಟಿ ಬಂತು. ಅರ್ಧದಷ್ಟು ಜನರನ್ನು ವೈದ್ಯರು ಪೂರ್ಣ ಪಾರ್ಶ್ವದ ವರ್ಗದಿಂದ ಭಾಗಶಃ ಎಂಬ ವರ್ಗಕ್ಕೆ ಬದಲಿಸಿದರು. ಇಲ್ಲಿ ಎಚ್ಚರಿಕೆಯ ಮಾತೂ ಅಗತ್ಯ. ಎಂಟೇ ಜನ, ಹಲವು ಚಿಕಿತ್ಸೆಗಳು ಒಟ್ಟಿಗೆ. ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಅವರು ಎದ್ದು ಓಡಾಡಿದರು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ವರ್ಷಗಳ ಹಿಂದೆ ಮುಚ್ಚಿತೆಂದುಕೊಂಡ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ ಎಂಬುದು ಸಣ್ಣ ಸಂಗತಿಯಲ್ಲ.

ಕಾಲಿನ ಅರಿವು ಕಡಿಮೆಯಾಗುವುದು ಅಪಘಾತದಿಂದ ಮಾತ್ರವಲ್ಲ. ವಯಸ್ಸಾದಂತೆ ಅಂಗಾಲಿನ ಸಂವೇದನೆ ಮಂದವಾಗುತ್ತದೆ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದರೆ ಕಾಲಿನ ನರಗಳು ಹಾಳಾಗುತ್ತವೆ. ಮುಳ್ಳು ಚುಚ್ಚಿದರೂ ತಿಳಿಯದೆ ಗಾಯ ಕೀವುಗಟ್ಟುತ್ತದೆ. ನಿಮ್ಮ ಮನೆಯಲ್ಲೇ ಅಜ್ಜನೋ ಅಜ್ಜಿಯೋ ಕಾಲು ಹತ್ತಿಯ ಮೇಲಿಟ್ಟಂತಾಗುತ್ತದೆ ಎಂದು ಹೇಳಿರಬಹುದು. ಹಾಸಿಗೆಯ ಪ್ರಯೋಗದಲ್ಲಿ ನೀವು ಅರ್ಧ ನಿಮಿಷ ಅನುಭವಿಸಿದ್ದನ್ನು ಅವರು ಇಡೀ ದಿನ ಅನುಭವಿಸುತ್ತಿರುತ್ತಾರೆ.

ಅಮೆರಿಕದ ಜೇಮ್ಸ್ ಕಾಲಿನ್ಸ್ ಮತ್ತು ಸಂಗಡಿಗರು 2003ರಲ್ಲಿ 15 ಮಂದಿ ಯುವಕರನ್ನೂ 12 ಮಂದಿ ವೃದ್ಧರನ್ನೂ ಕಂಪಿಸುವ ಅಟ್ಟೆಗಳ ಮೇಲೆ ನಿಲ್ಲಿಸಿ ಪರೀಕ್ಷಿಸಿದರು. ವಿಚಿತ್ರವೆಂದರೆ, ಆ ಕಂಪನ ಅವರಿಗೆ ತಿಳಿಯುವಷ್ಟು ಜೋರಾಗಿರಲಿಲ್ಲ. ಆದರೂ ಓಲಾಟ ಕಡಿಮೆಯಾಯಿತು. ದುರ್ಬಲ ಸಂಕೇತವೊಂದು ಹೊಸ್ತಿಲು ದಾಟಲಾರದೆ ನಿಂತಿದ್ದಾಗ, ಕ್ರಮವಿಲ್ಲದ ಸಣ್ಣ ಅದುರು ಅದನ್ನು ಆಗೀಗ ಹೊಸ್ತಿಲಾಚೆ ತಳ್ಳುತ್ತದೆ. ಗದ್ದಲವೂ ಒಮ್ಮೊಮ್ಮೆ ಸಹಾಯಕ ಎಂಬುದಕ್ಕೆ ಇದೊಂದು ನಿದರ್ಶನ. 2019ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್‌ನ ಸಂಶೋಧಕರ ಮುಂದಾಳತ್ವದ ತಂಡ, ಮೊಣಕಾಲಿನ ಮೇಲ್ಭಾಗದಲ್ಲಿ ಕಾಲು ಕಳೆದುಕೊಂಡ ಇಬ್ಬರಿಗೆ ಕೃತಕ ಕಾಲಿನ ಅಂಗಾಲಿನಲ್ಲಿ ಸಂವೇದಕಗಳನ್ನಿಟ್ಟು ಆ ಸುದ್ದಿಯನ್ನು ಉಳಿದ ನರಕ್ಕೆ ತಲುಪಿಸಿತು. ಅವರ ನಡಿಗೆಯ ವೇಗ ಹೆಚ್ಚಿತು, ಇಲ್ಲದ ಕಾಲಿನಲ್ಲಿ ಕಾಡುತ್ತಿದ್ದ ನೋವು ತಗ್ಗಿತು.

ನಮ್ಮ ನೆರೆಯ ಹೈದರಾಬಾದಿನಲ್ಲೂ ಈ ಬಗ್ಗೆ ಯೋಚಿಸಿದವರಿದ್ದಾರೆ. ಅಲ್ಲಿನ ಯುವ ಎಂಜಿನಿಯರುಗಳು 2014ರಲ್ಲಿ ಲೇಚಲ್ ಎಂಬ ಪಾದರಕ್ಷೆಯನ್ನು ಪರಿಚಯಿಸಿದರು. ಎಡಕ್ಕೆ ತಿರುಗಬೇಕಾದರೆ ಎಡಗಾಲಿನದು, ಬಲಕ್ಕೆ ತಿರುಗಬೇಕಾದರೆ ಬಲಗಾಲಿನದು ಅದುರುತ್ತಿತ್ತು. ಇದರ ಕಲ್ಪನೆ ಮೊಳೆತದ್ದು ದೃಷ್ಟಿಯಿಲ್ಲದವರಿಗಾಗಿ. ದಾರಿ ಕೇಳುವುದಕ್ಕೆ ಕಣ್ಣೇ ಬೇಕೆಂದಿಲ್ಲ, ಕಾಲೂ ಸಾಕು ಎಂಬುದನ್ನು ಅದು ತೋರಿಸಿತು.

ಆಟಕ್ಕೆ ಮಾಡಿದ ಬೂಟು ತಪ್ಪು ಹೇಳಿದರೆ ಆಟ ಕೆಡುತ್ತದೆ, ಅಷ್ಟೆ. ಅಜ್ಜಿಯ ಅಟ್ಟೆ ತಪ್ಪು ಹೇಳಿದರೆ ಅಜ್ಜಿ ಬೀಳುತ್ತಾಳೆ, ಸೊಂಟದ ಮೂಳೆ ಮುರಿಯುತ್ತದೆ. ಕಂಪಕ ಸ್ವಲ್ಪ ತಡವಾಗಿ ಅದುರಿದರೂ ಕಾಲು ಅದನ್ನು ನಂಬುವುದಿಲ್ಲ. ಬ್ಯಾಟರಿ ಬೇಗ ಮುಗಿಯಬಾರದು, ಅಟ್ಟೆ ಭಾರವಾಗಬಾರದು, ಮಳೆಯಲ್ಲಿ ನೆನೆದರೂ ಕೆಡಬಾರದು, ಬೆಲೆ ನಮ್ಮ ಜನರ ಕೈಗೆಟುಕಬೇಕು. ಇಳಿಜಾರು, ಬಿಸಿ, ತಂಪು, ಒದ್ದೆ ಇವನ್ನು ಪಾದಕ್ಕೆ ನಂಬುವಂತೆ ಹೇಳುವ ಹಗುರವಾದ ಸಾಧನ ಇನ್ನೂ ನಮ್ಮ ಅಂಗಡಿಗಳಿಗೆ ಬಂದಿಲ್ಲ. ಮಾಡಬೇಕಾದ ಕೆಲಸ ಬಹಳಷ್ಟಿದೆ. ಭೌತಶಾಸ್ತ್ರ ಓದುವವರಿಗೂ ಜೀವಶಾಸ್ತ್ರ ಓದುವವರಿಗೂ ಕಂಪ್ಯೂಟರ್ ಕಲಿಯುವವರಿಗೂ ಇಲ್ಲಿ ಜಾಗವಿದೆ. ಪಾದರಕ್ಷೆ ಹೊಲಿಯುವ ಕುಶಲಿಯ ಅನುಭವಕ್ಕೂ ಇದೆ.

ನಾಳೆ ಬೆಳಗ್ಗೆ ಚಪ್ಪಲಿ ಕಳಚಿಟ್ಟು ಮನೆಯ ಸುತ್ತ ಹತ್ತು ನಿಮಿಷ ನಿಧಾನವಾಗಿ ನಡೆದು ನೋಡಿ. ತಂಪು ಸಿಮೆಂಟು, ಒದ್ದೆ ಮಣ್ಣು, ಹುಲ್ಲು, ಚುಚ್ಚುವ ಜಲ್ಲಿ. ಕಾಲು ಎಷ್ಟು ಬಗೆಯ ಸುದ್ದಿ ತಂದಿತು ಎಂದು ಪಟ್ಟಿ ಮಾಡಿ. ಆಮೇಲೆ ಆ ಪಟ್ಟಿಯನ್ನು ಮನೆಯ ಹಿರಿಯರಿಗೆ ತೋರಿಸಿ, ಇವುಗಳಲ್ಲಿ ಎಷ್ಟು ನಿಮಗೆ ಈಗ ತಿಳಿಯುತ್ತದೆ ಎಂದು ಕೇಳಿ. ಅವರು ಇಲ್ಲ ಎಂದು ಹೇಳಿದ ಪ್ರತಿಯೊಂದೂ ನಿಮ್ಮಲ್ಲೊಬ್ಬರು ಮುಂದೆ ಬಿಡಿಸಬಹುದಾದ ಲೆಕ್ಕ.